ಗಾಡಿಯ ಲೋಹಕ್ಕೆ ಯಾವ ತಿಳಿಲೇಪ?

ದ್ರಾಕ್ಷಿ ತೋಟ ಮಾಡಿದವರಿಗೆ ಒಂದು ಪರೀಕ್ಷೆ ಗೊತ್ತಿದ್ದೇ ಇರುತ್ತದೆ. ಬೋರ್ಡೋ ದ್ರಾವಣ ತಯಾರಾದ ಮೇಲೆ, ತಿಕ್ಕಿ ಹೊಳೆಸಿದ ಕುಡಗೋಲಿನ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ತುದಿಗೆ ಕೆಂಪಡರಿತೆಂದರೆ ಸುಣ್ಣ ಕಡಿಮೆ ಬಿದ್ದಿದೆ ಎಂದು ತಿಳಿದು ಇನ್ನಷ್ಟು ಸುಣ್ಣದ ನೀರು ಕೂಡಿಸುತ್ತೇವೆ. ಆ ಕೆಂಪು ಏನು? ಮೈಲುತುತ್ತೆಯೊಳಗಿನ ತಾಮ್ರ. ತಾಮ್ರ ಬಂದು ಕಬ್ಬಿಣದ ಮೇಲೆ ಕೂತಿತು. ಅದಕ್ಕೆ ಜಾಗ ಬಿಟ್ಟುಕೊಟ್ಟು ಕಬ್ಬಿಣ ಕರಗಿ ನೀರಿಗಿಳಿಯಿತು. ಕುಡಗೋಲಿಗೆ ಒಂದೆರಡು ನಿಮಿಷದಲ್ಲಿ ಕಣ್ಣೆದುರು ಆಗುವ ಈ ಕೆಲಸ, ಮೈಲುತುತ್ತೆ ನೆನೆಹಾಕಿದ ನೀರು ಚೆಲ್ಲಿದ ನಿಮ್ಮ ಟ್ರಾಲಿಯ ಮೂಲೆಯಲ್ಲಿ, ಬ್ಲೋವರಿನ ಚೌಕಟ್ಟಿನ ಸಂದಿಯಲ್ಲಿ ಹಂಗಾಮು ಪೂರ್ತಿ ನಡೆದಿರುತ್ತದೆ. ಅಲ್ಲಿ ನೋಡುವವರು ಯಾರೂ ಇಲ್ಲ, ಅಷ್ಟೇ.

ನಾನು ವಿಜಯಪುರದ ಇಬ್ರಾಹಿಂಪುರದಲ್ಲಿ ಟ್ರ್ಯಾಕ್ಟರ್, ಪಿಕಪ್, ಔಷಧ ಹೊಡೆಯುವ ಬ್ಲೋವರ್ ಇವುಗಳ ರಿಪೇರಿ ಮಾಡುವವನು. ಟಿಕೋಟಾ, ಬಬಲೇಶ್ವರದ ಕಡೆಯಿಂದ ಗಾಡಿ ತರುವವರು ಇತ್ತಿತ್ತಲಾಗಿ ಒಂದೇ ಮಾತು ಹೇಳುತ್ತಾರೆ: “ಮಿಸ್ತ್ರಿ, ಬಣ್ಣ ಬ್ಯಾಡ್ರಿ. ಕಬ್ಬಿಣದ ಹೊಳಪು ಹೋಗಬಾರದು. ಮ್ಯಾಲೆ ಕ್ಲಿಯರ್ ಹೊಡೆದುಬಿಡ್ರಿ, ಜಂಗು ಹತ್ತೂದಿಲ್ಲ.” ಕ್ಲಿಯರ್ ಎಂದರೆ ಒಳಗಿನದು ಕಾಣುವಂತೆ ಮೇಲೆ ಕೂಡುವ ತಿಳಿಲೇಪ. ಹಳಬರು ಇಂಥದಕ್ಕೆ ರೋಗನ್ ಎನ್ನುತ್ತಿದ್ದರು. ಈಗ ಅಂಗಡಿಯಲ್ಲಿ ಹತ್ತಾರು ಬಗೆಯ ಡಬ್ಬಿಗಳಿವೆ, ಎಲ್ಲವೂ ನೀರಿನಂತೆ ತಿಳಿಯಾಗಿಯೇ ಕಾಣುತ್ತವೆ, ಎಲ್ಲದರ ಮೇಲೂ ‘ರಕ್ಷಣೆ’ ಎಂದು ಬರೆದಿರುತ್ತದೆ. ಯಾವುದನ್ನು ಯಾವ ಲೋಹಕ್ಕೆ ಹಚ್ಚಬೇಕು, ಯಾವುದಕ್ಕೆ ಹಚ್ಚಲೇಬಾರದು ಎಂಬ ಬಗ್ಗೆ ಇಂದು ನಾಲ್ಕು ಅನುಭವದ ಮಾತು ಹೇಳುತ್ತೇನೆ.

ಮೊದಲನೆಯದಾಗಿ, ಗಿರಾಕಿಗಳಿಗೆ ಸೇರದ ಮಾತನ್ನೇ ಹೇಳಿಬಿಡುತ್ತೇನೆ. ಬರಿಗಬ್ಬಿಣದ ಮೇಲೆ ನೇರವಾಗಿ ಹೊಡೆದ ತಿಳಿಲೇಪ ಜಂಗನ್ನು ಬಹಳ ದಿನ ತಡೆಯುವುದಿಲ್ಲ. ಡಬ್ಬಿ ಎಷ್ಟೇ ತುಟ್ಟಿಯದಿರಲಿ, ಇದು ಹೀಗೆಯೇ.

ಯಾಕೆ ಅಂತೀರಾ? ಕಬ್ಬಿಣಕ್ಕೆ ಹಚ್ಚುವ ಒಳ್ಳೆಯ ತಳಲೇಪದಲ್ಲಿ, ಅಂದರೆ ಪ್ರೈಮರಿನಲ್ಲಿ, ಜಂಗನ್ನು ಹಿಡಿದು ನಿಲ್ಲಿಸುವ ಪುಡಿ ಕೂಡಿಸಿರುತ್ತಾರೆ. ಸತುವಿನ ಫಾಸ್ಫೇಟ್ ಅಂಥದೊಂದು. ಅದರ ಮೇಲಿನ ಬಣ್ಣದಲ್ಲಿಯೂ ಪುಡಿಯಿದೆ. ಆ ಪುಡಿಯ ಕಣಗಳು ಹೊಲದ ಒಡ್ಡಿನಂತೆ ಅಡ್ಡ ಮಲಗಿರುತ್ತವೆ. ನೀರು ಸುತ್ತು ಹಾಕಿ ಹಾಕಿ ಒಳಗಿಳಿಯಬೇಕು, ಬಿಸಿಲೂ ಅಲ್ಲಿಗೇ ನಿಲ್ಲುತ್ತದೆ. ತಿಳಿಲೇಪದಲ್ಲಿ ಈ ಪುಡಿ ಇಲ್ಲವೇ ಇಲ್ಲ. ಇದ್ದರೆ ಅದು ತಿಳಿಯಾಗಿ ಉಳಿಯುತ್ತಿರಲಿಲ್ಲ. ಬಿಸಿಲು ಅದರೊಳಗಿಂದ ಹಾಯ್ದು ನೇರ ಕಬ್ಬಿಣದ ಮೈಗೆ ಮುಟ್ಟುತ್ತದೆ. ಲೇಪಕ್ಕೂ ಲೋಹಕ್ಕೂ ಇರುವ ಅಂಟು ಅಲ್ಲಿ ಸಡಿಲಾಗುತ್ತದೆ. ನಮ್ಮ ಜಿಲ್ಲೆಯ ಬಿಸಿಲು ಎಂಥಾದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಊರಲ್ಲೇ ಇದಕ್ಕೊಂದು ಪಾಠವಿದೆ. ಶೆರ್ಜಾ ಬುರುಜಿನ ಮೇಲಿನ ಮುಲುಕ್ ಮೈದಾನ್ ತೋಪನ್ನು ನೀವೆಲ್ಲ ನೋಡಿದ್ದೀರಿ. ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ದದ್ದು. ಸುಮಾರು 55 ಟನ್ ತೂಕ. ಕಂಚಿನದಾದ್ದರಿಂದ ಇಷ್ಟು ಶತಮಾನದ ಮಳೆ ಬಿಸಿಲಿಗೂ ಕಪ್ಪು-ಹಸಿರು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತಿದೆ. ಆ ಹಸಿರು ತಾನೇ ಒಂದು ಲೇಪ. ತಾಮ್ರ ಕೂಡಿದ ಲೋಹ ಗಾಳಿಗೆ ಮೈಯೊಡ್ಡಿ ತನ್ನ ಚರ್ಮವನ್ನು ತಾನೇ ಮಾಡಿಕೊಳ್ಳುತ್ತದೆ, ಆ ಚರ್ಮ ಒಳಗಿನದನ್ನು ಕಾಯುತ್ತದೆ. ಅಲ್ಲಿಂದ ಉಪಲಿ ಬುರುಜಿಗೆ ಹೋಗಿ ನೋಡಿರಿ. ಮೇಲಿರುವ, ಸುಮಾರು 30 ಅಡಿ ಉದ್ದದ ತೋಪು ಕಬ್ಬಿಣದ್ದು. ಪಟ್ಟಿಗಳನ್ನು ಕೂಡಿಸಿ, ಬಳೆ ತೊಡಿಸಿ ಬಡಿದು ಮಾಡಿದ್ದು. ಅದರ ಮೈಮೇಲಿನದು ಜಂಗು. ಜಂಗಿಗೆ ಚರ್ಮದ ಗುಣವಿಲ್ಲ. ಅದು ಉಬ್ಬುತ್ತದೆ, ಹಪ್ಪಳ ಏಳುತ್ತದೆ, ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣವನ್ನು ಗಾಳಿಗೆ ತೆರೆದಿಡುತ್ತದೆ. ಆ ತೋಪಿನ ಕಬ್ಬಿಣ ದಪ್ಪ, ನಮ್ಮ ಹವೆ ಒಣ, ಕಾರಣ ಉಳಿದುಕೊಂಡಿದೆ. ನಿಮ್ಮ ಟ್ರಾಲಿಯ ಪತ್ರಾ ಎಷ್ಟು ದಪ್ಪವಿದೆ, ಒಮ್ಮೆ ಅಳೆದು ನೋಡಿರಿ.

ಬಬಲೇಶ್ವರದ ಕಡೆಯ ರೈತರೊಬ್ಬರ ಟ್ರಾಲಿಯ ಕಥೆ ಹೇಳುತ್ತೇನೆ. ಹೊಸದಾಗಿ ಕಟ್ಟಿಸಿದ್ದರು. ಗ್ರೈಂಡರ್ ಹಿಡಿಸಿ ಬದಿಯ ಪತ್ರಾ ಕನ್ನಡಿಯಂತೆ ಮಾಡಿಸಿ, ದೀಪಾವಳಿಗೆ ಪೂಜೆಗೆ ಚಂದ ಕಾಣಲೆಂದು ಮೇಲೆ ಬರಿ ಕ್ಲಿಯರ್ ಹೊಡೆಸಿದರು. ಪ್ರೈಮರ್ ಇಲ್ಲ, ಬಣ್ಣ ಇಲ್ಲ. ಬೇಸಿಗೆ ತನಕ ಊರ ಮಂದಿ ನಿಂತು ನೋಡುವಂತಿತ್ತು. ಸೆಪ್ಟೆಂಬರದ ಮಳೆ ಹೊಡೆದ ಮೇಲೆ ಲೇಪದ ಕೆಳಗೆ ಕೂದಲೆಳೆಯಂಥ ಕಂದು ಗೆರೆಗಳು ಹುಟ್ಟಿದವು. ಗೆದ್ದಲು ಹರಿದಂತೆ ಒಂದು ಗೀರಿನಿಂದ ಹೊರಟು ಡೊಂಕು ಡೊಂಕಾಗಿ ಹಬ್ಬಿದವು. ಅವರು ಮೇಲೆ ಇನ್ನೊಂದು ಕೈ ಕ್ಲಿಯರ್ ಹೊಡೆಸಿದರು. ಗೆರೆ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಆ ಗೆರೆಯ ತುದಿಯಲ್ಲಿ ಒಂದು ಹನಿ ಉಪ್ಪುನೀರು ಇರುತ್ತದೆ, ಅದು ಲೇಪದ ಅಡಿಯಲ್ಲೇ ತನ್ನ ದಾರಿ ಕೊರೆದುಕೊಂಡು ಮುಂದೆ ಸಾಗುತ್ತದೆ. ಮೂರು ಮಳೆಗಾಲ ಕಳೆದು ನನ್ನ ಹತ್ತಿರ ತಂದಾಗ ಉಗುರಿನಿಂದ ಎತ್ತಿದರೆ ಲೇಪ ಹಾವಿನ ಪೊರೆಯಂತೆ ಎದ್ದು ಬಂತು. ಪೂರ್ತಿ ಕೆರೆದು ನೋಡಿದರೆ ಮುಂದಿನ ಕೊಂಡಿಯ ವೆಲ್ಡಿಂಗ್ ಹತ್ತಿರ, ಗೊಬ್ಬರದ ಚೀಲ ಸೋರಿದ ಜಾಗದಲ್ಲಿ, ಕಬ್ಬಿಣ ತಿಂದು ತಿಂದು ಬಿರುಕು ಬಿಟ್ಟಿತ್ತು. ಒಣದ್ರಾಕ್ಷಿ ತುಂಬಿಕೊಂಡು ಹೆದ್ದಾರಿಯ ಮೇಲೆ ಹೋಗುವಾಗ ಆ ಕೊಂಡಿ ಕಳಚಿದ್ದರೆ? ಅವರ ಮಗ ಟ್ರಾಲಿಯ ಮೇಲೆ ಕೂತು ಬರುವ ರೂಢಿ ಇತ್ತು. ಮುದುಕರು ಆ ಬಿರುಕನ್ನು ಬೆರಳಿನಿಂದ ಸವರಿ ನೋಡಿದರು, ಮಾತಾಡಲಿಲ್ಲ.

ಕಾರಣ, ಭಾರ ಹೊರುವ ಕಬ್ಬಿಣಕ್ಕೆ ಕ್ರಮ ಹೀಗೆ: ಕೆರೆದು ಶುದ್ಧ ಮಾಡುವುದು, ಪ್ರೈಮರ್, ಬಣ್ಣ, ಬೇಕಾದರೆ ಎಲ್ಲದರ ಮೇಲೆ ತಿಳಿಲೇಪ. ಕಾರು, ಪಿಕಪ್‌ಗಳ ಮೈಗೆ ಕಾರಖಾನೆಯಲ್ಲಿ ಮಾಡುವುದೂ ಇದನ್ನೇ. ಬಣ್ಣದ ಮೇಲೆ ಪ್ರತ್ಯೇಕ ತಿಳಿಲೇಪ ಕೊಡುವ ಪದ್ಧತಿ 1980ರ ದಶಕದಿಂದ ಎಲ್ಲೆಡೆ ಹಬ್ಬಿತು. ಆ ಮೇಲಿನ ಪದರ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 40-50 ಪಾಲಿನಷ್ಟು, ತಲೆಗೂದಲಿಗಿಂತ ತೆಳು. ಹೊಸ ಗಾಡಿಯನ್ನು ಪ್ರತಿ ಹಬ್ಬಕ್ಕೆ ಯಂತ್ರದ ಪಾಲಿಶ್ ಹಿಡಿಸುವವರು ಈ ಕೂದಲಿನಷ್ಟನ್ನೂ ಸವೆಸಿ ಕಳೆದುಕೊಳ್ಳುತ್ತಾರೆ.

ಇನ್ನು ಡಬ್ಬಿಯ ವಿಚಾರ. ಡಬ್ಬಿ ಆರಿಸುವ ಮೊದಲು ಲೋಹ ಯಾವುದು, ಅದಕ್ಕೆ ತಾಗುವುದು ಏನು ಎಂದು ಕೇಳಿಕೊಳ್ಳಿರಿ. ಬಿಸಿಲೇ, ಪೆಟ್ರೋಲೇ, ಶಾಖವೇ, ಗೊಬ್ಬರವೇ, ಬರಿ ಕೈಯ ಬೆವರೇ?

ಅಂಗಡಿಯಲ್ಲಿ ಒತ್ತಿದರೆ ಹಾರುವ ಸ್ಪ್ರೇ ಡಬ್ಬಿ ಸಿಗುತ್ತದಲ್ಲ, ಅದು ಬಹುತೇಕ ಅಕ್ರಿಲಿಕ್ ಲ್ಯಾಕರ್. ಅದರೊಳಗಿನ ಥಿನ್ನರ್ ಹಾರಿಹೋಗಿ ಪದರ ಉಳಿಯುತ್ತದೆ, ಬೇರೇನೂ ನಡೆಯುವುದಿಲ್ಲ. ಬೇಗ ಒಣಗುತ್ತದೆ, ಬಿಸಿಲಿಗೆ ಅಷ್ಟಾಗಿ ಹಳದಿಯಾಗುವುದಿಲ್ಲ, ಕೆಟ್ಟರೆ ಥಿನ್ನರಿನಿಂದ ಒರೆಸಿ ತೆಗೆಯಬಹುದು. ಆದರೆ ಥಿನ್ನರಿಗೆ ಕರಗುವುದು ಪೆಟ್ರೋಲಿಗೂ ಮೆತ್ತಗಾಗುತ್ತದೆ. ನನ್ನದೇ ಮೂರ್ಖತನ ಕೇಳಿರಿ. ಕೆಲಸ ಕಲಿಯುವ ವಯಸ್ಸಿನಲ್ಲಿ ನಮ್ಮಪ್ಪನ ಮೋಟರ್ ಸೈಕಲ್ಲಿನ ಎಂಜಿನ್ ಮುಚ್ಚಳವನ್ನು ಎರಡು ದಿನ ತಿಕ್ಕಿ ಬೆಳ್ಳಿಯಂತೆ ಮಾಡಿ, ಮೇಲೆ ಇಂಥದೇ ಡಬ್ಬಿ ಹೊಡೆದೆ. ವಾರದೊಳಗೆ ಎಂಜಿನ್ ಕಾವಿಗೆ ಹಳದಿ ಬಂತು. ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕಿದಲ್ಲಿ ಮೊಸರಿನ ಕೆನೆಯಂತೆ ಸುಕ್ಕುಗಟ್ಟಿತು. ನಮ್ಮಪ್ಪ, “ಮೊದಲಿದ್ದದ್ದs ಚಲೋ ಇತ್ತಲ್ಲೋ ತಮ್ಮಾ” ಎಂದರು. ಅಷ್ಟೇ ಅಂದದ್ದು, ಇವತ್ತಿಗೂ ಮರೆತಿಲ್ಲ.

ಕಟ್ಟಿಗೆಗೆ ಹಚ್ಚುವ ವಾರ್ನಿಶ್ ಮನೆಯಲ್ಲಿ ಉಳಿದಿದೆ ಎಂದು ಅದನ್ನೇ ಲೋಹಕ್ಕೆ ಬಳಿಯುವವರಿದ್ದಾರೆ. ಬೇಡ. ಅದು ಬಿಸಿಲಲ್ಲಿ ಹಳದಿಯಾಗಿ ಬಿರಿಯುತ್ತದೆ. ಲೋಹ ಕಾದು ಹಿಗ್ಗಿದಷ್ಟು, ಆರಿ ಕುಗ್ಗಿದಷ್ಟು ಅದಕ್ಕೆ ಹೊಂದಿಕೊಳ್ಳಲು ಆಗುವುದಿಲ್ಲ. 1920ರ ದಶಕದಲ್ಲಿ ಮೋಟಾರು ಕಾರುಗಳಿಗೆ ಬಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆ ಕಾಲಕ್ಕೆ ದೊಡ್ಡ ಸುಧಾರಣೆ. ಅದಕ್ಕೂ ಮುಂಚೆ ಒಂದು ಗಾಡಿಯ ರೋಗನ್ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಅದೂ ಬಿಸಿಲಿಗೆ ಹಳದಿಯಾಗುವಂಥದ್ದೇ, ಬೆಂಕಿಗೂ ಬಲು ಬೇಗ ಹತ್ತುತ್ತದೆ. ಹೊರಗಿನ ಭಾಗಕ್ಕೆ ಈಗ ಅದರ ಅಗತ್ಯವಿಲ್ಲ.

ಹೊರಗೆ ಬಿಸಿಲಿಗೆ, ಪೆಟ್ರೋಲಿಗೆ, ಔಷಧದ ತುಂತುರಿಗೆ ಗಟ್ಟಿಯಾಗಿ ನಿಲ್ಲುವುದು ಎರಡು ಡಬ್ಬಿಯ ಪಾಲಿಯುರಿಥೇನ್ ಲೇಪ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಎರಡಕ್ಕೆ ಒಂದು, ನಾಲ್ಕಕ್ಕೆ ಒಂದು, ಹೀಗೆ ಪ್ರಮಾಣವನ್ನು ಡಬ್ಬಿಯ ಮೇಲೆಯೇ ಬರೆದಿರುತ್ತಾರೆ. ಕಣ್ಣಂದಾಜು ನಡೆಯದು, ಅಳೆದೇ ಕೂಡಿಸಬೇಕು. ಎರಡೂ ಕೂಡಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ, ಮತ್ತೆ ಥಿನ್ನರಿಗೆ ಕರಗುವುದಿಲ್ಲ. ಪೆಟ್ರೋಲ್ ಟಾಕಿಗೆ, ಪಿಕಪ್ಪಿನ ಬಣ್ಣದ ಮೇಲೆ, ಬ್ಲೋವರಿನ ಬಣ್ಣ ಹಚ್ಚಿದ ಚೌಕಟ್ಟಿನ ಮೇಲೆ ಇದೇ ಸರಿ.

ಆದರೆ ಇಲ್ಲಿ ನಿಂತು ಒಂದು ಮಾತು ಒತ್ತಿ ಹೇಳಬೇಕು. ಆ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ವಸ್ತುವಿದೆ. ಸಿಂಪಡಿಸುವಾಗ ಅದರ ಮಂಜು ಉಸಿರಿನೊಳಗೆ ಹೋದರೆ ದಮ್ಮು ಹತ್ತಿಕೊಳ್ಳುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋಯಿತೆಂದರೆ ಮುಂದೆ ಅತ್ಯಲ್ಪ ವಾಸನೆಗೂ ಉಸಿರು ಕಟ್ಟಬಹುದು. ಆ ಮನುಷ್ಯ ಪೇಂಟಿಂಗ್ ಕೆಲಸವನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಟವೆಲ್ ಸುತ್ತಿಕೊಂಡರೆ, ಔಷಧ ಹೊಡೆಯುವಾಗಿನ ಬಟ್ಟೆ ಮಾಸ್ಕ್ ಕಟ್ಟಿಕೊಂಡರೆ ಏನೂ ಉಪಯೋಗವಿಲ್ಲ. ಬೇರೆ ಕಡೆಯಿಂದ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡ ಬೇಕು, ಹೊಗೆ ಎಳೆದು ಹಾಕುವ ಕೋಣೆ ಬೇಕು. ಅದು ಇರುವ ಗ್ಯಾರೇಜಿಗೆ ಒಯ್ದು ಹೊಡೆಸಿರಿ. ಅಂಗಳದಲ್ಲಿ, ಮಕ್ಕಳು ಆಡುವಲ್ಲಿ, ದನದ ಕೊಟ್ಟಿಗೆಯ ಪಕ್ಕ ಇದನ್ನು ಹೊಡೆಯಬೇಡಿರಿ. ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗರಿಗೂ ನಾನು ಇದನ್ನು ಮುಟ್ಟಗೊಡುವುದಿಲ್ಲ.

ಈಗ ಬೇರೆ ಲೋಹಗಳು. ಹಿತ್ತಾಳೆ, ತಾಮ್ರದ ಭಾಗಗಳಿಗೆ ತಿಳಿಲೇಪ ಚೆನ್ನಾಗಿ ಒಪ್ಪುತ್ತದೆ. ಹಳೆಯ ಹಾರ್ನ್, ನಾಮಫಲಕ ಇಂಥವು ಕಂದಿದರೂ ಕೆಡುವುದಿಲ್ಲ, ಹೊಳಪು ಉಳಿಯಲೆಂದು ಹಚ್ಚುವುದಷ್ಟೇ. ತಾಮ್ರದ ಲೋಹಗಳಿಗೆಂದೇ 1960ರ ದಶಕದಲ್ಲಿ ಇಂಕ್ರಾಲಾಕ್ ಎಂಬ ಅಕ್ರಿಲಿಕ್ ಲ್ಯಾಕರನ್ನು ರೂಪಿಸಿದರು. ಕಂದದಂತೆ ತಡೆಯುವ ಬೆಂಜೋಟ್ರಯಜೋಲ್ ಅದರಲ್ಲಿದೆ. ಕಂಚಿನ ಪ್ರತಿಮೆಗಳಿಗೂ ಹಚ್ಚುತ್ತಾರೆ. ಔಷಧ ಹೊಡೆಯುವ ಗನ್ನಿನ ಹಿತ್ತಾಳೆ ನಾಝಲಿಗೆ ಮಾತ್ರ ಯಾವ ಲೇಪವೂ ಬೇಡ, ತೂತು ಕಟ್ಟಿಕೊಳ್ಳುತ್ತದೆ.

ಅಲ್ಯುಮಿನಿಯಂ ತನ್ನ ಮೇಲೆ ತಾನೇ ತೆಳ್ಳನೆಯ ಚರ್ಮ ಮಾಡಿಕೊಳ್ಳುವ ಲೋಹ. ಸುಮ್ಮನೆ ಬಿಟ್ಟರೂ ನಮ್ಮ ಹವೆಯಲ್ಲಿ ಬಾಳುತ್ತದೆ. ಆದರೆ ಒಣದ್ರಾಕ್ಷಿ ಮಾಡುವವರ ಗಾಡಿಯ ಮಾತು ಬೇರೆ. ಗೊನೆ ಅದ್ದುವ ಪೊಟ್ಯಾಷಿಯಂ ಕಾರ್ಬೋನೇಟ್ ನೀರು ಕ್ಷಾರದ್ದು, ಆ ಚರ್ಮವನ್ನೇ ತಿನ್ನುತ್ತದೆ. ಸುಣ್ಣದ ನೀರೂ ಹಾಗೆಯೇ. ತಾಮ್ರದ ಔಷಧ ಬಿದ್ದಲ್ಲಿ ಸಣ್ಣ ಸಣ್ಣ ಕುಣಿ ಬೀಳುತ್ತವೆ. ಒಣದ್ರಾಕ್ಷಿಗೆ ಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಡುತ್ತೀರಲ್ಲ, ಅದು ತೇವ ಕೂಡಿದರೆ ಆಮ್ಲ. ಆ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿದರೆ ಯಾವ ಲೋಹಕ್ಕೂ ಒಳ್ಳೆಯದಲ್ಲ. ಲೇಪ ಹುಡುಕುವುದಕ್ಕಿಂತ ಗಾಡಿಯನ್ನು ಹೊರಗೆ ನಿಲ್ಲಿಸುವುದು ಅಗ್ಗ. ಅಲ್ಯುಮಿನಿಯಂ ಚಕ್ರಗಳಿಗೆ ತಿಳಿಲೇಪ ಬೇಕೇಬೇಕೆಂದರೆ, ಆ ಲೋಹಕ್ಕೆ ಅಂಟುವ ತಳಲೇಪದ ಮೇಲೆ ಎರಡು ಡಬ್ಬಿಯದನ್ನು ಹೊಡೆಸಿರಿ, ಇಲ್ಲವೇ ಪುಡಿ ಹಚ್ಚಿ ಭಟ್ಟಿಯಲ್ಲಿ ಕಾಯಿಸುವ ಲೇಪ ಮಾಡಿಸಿರಿ. ಕ್ರೋಮ್ ಹೊಳಪಿನ ಭಾಗಗಳಿಗೆ ಲ್ಯಾಕರ್ ಅಂಟುವುದಿಲ್ಲ. ತೊಳೆದು ಒರೆಸಿ ಗಾಡಿಗೆ ಹಚ್ಚುವ ಮೇಣ ತೆಳ್ಳಗೆ ತಿಕ್ಕಿದರೆ ಸಾಕು.

ಕುಂಟೆಯ ಕುಡ, ನೇಗಿಲ ಫಾಳ, ಕಲ್ಟಿವೇಟರಿನ ಹಲ್ಲು, ಇವು ಮಣ್ಣಿನಲ್ಲೇ ತಿಕ್ಕಿ ಹೊಳೆಯುವಂಥವು. ಇವಕ್ಕೆ ಗಟ್ಟಿ ಲೇಪ ಯಾಕೆ? ಮೊದಲ ಸಾಲಿನಲ್ಲೇ ಸವೆದು ಹೋಗುತ್ತದೆ. ಹಂಗಾಮು ಮುಗಿದು ಮೂಲೆಗಿಡುವಾಗ ಎರೆಮಣ್ಣು ಪೂರ್ತಿ ತೊಳೆದು, ಒಣಗಿಸಿ ಗ್ರೀಸ್ ಸವರಿರಿ. ಗ್ರೀಸಿನ ಅಂಟು ಬೇಡವೆಂದರೆ ಅಗಸಿ ಎಣ್ಣೆ ಇದೆ. ಅದು ಗಾಳಿಗೆ ಒಣಗಿ ತಾನೇ ತಿಳಿ ಪದರವಾಗುತ್ತದೆ, ಹಸಿ ಎಣ್ಣೆ ನಾಲ್ಕಾರು ದಿನ ತೆಗೆದುಕೊಳ್ಳುತ್ತದೆ. ನಮ್ಮ ಹೊಲದ ಕುಸುಬಿ ಎಣ್ಣೆಯೂ ಇದೇ ಜಾತಿಯದು, ಇನ್ನೂ ನಿಧಾನ, ಆದರೆ ಹಳದಿಯಾಗುವುದು ಕಡಿಮೆ. ತೆಳ್ಳಗೆ ಹಚ್ಚಿ ಹೆಚ್ಚಾದದ್ದನ್ನು ಒರೆಸಿಬಿಡಬೇಕು. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿರಿ. ಅಗಸಿ ಎಣ್ಣೆಯ ಅರಿವೆ ಒಣಗುವಾಗ ತನ್ನಷ್ಟಕ್ಕೆ ಕಾಯುತ್ತದೆ, ಮುದ್ದೆಯಾಗಿದ್ದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಬಣವೆಯ ಹತ್ತಿರವಂತೂ ಬೇಡವೇ ಬೇಡ. ಬಿಡಿಸಿ ಹರವಿ ಹೊರಗೆ ಒಣಗಲು ಹಾಕಿರಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿರಿ.

ಏನೂ ಹಚ್ಚಬಾರದ ಜಾಗಗಳನ್ನೂ ಹೇಳಿಬಿಡುತ್ತೇನೆ. ಬ್ರೇಕಿನ ಡಿಸ್ಕು, ಡ್ರಮ್ಮು ಮುಟ್ಟಲೇಬೇಡಿರಿ. ಚಕ್ರದ ನಟ್ಟು ಕೂಡುವ ಮೈಗೆ ಲೇಪವಿದ್ದರೆ ನಟ್ಟು ಬಿಗಿದಂತೆ ಕಂಡು ಮುಂದೆ ಸಡಿಲಾಗುತ್ತದೆ. ರೇಡಿಯೇಟರಿಗೆ ಲೇಪ ಹೊಡೆದರೆ ಕಾವು ಹೊರಗೆ ಹೋಗುವುದಿಲ್ಲ. ಬ್ಯಾಟರಿಯ ತಂತಿ ಮೈಗೆ ಕೂಡುವಲ್ಲಿ ಲೋಹಕ್ಕೆ ಲೋಹ ತಾಗಬೇಕು. ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿರಿ. ಸೈಲೆನ್ಸರಿಗೆ ಸಾಮಾನ್ಯ ಕ್ಲಿಯರ್ ಒಂದೇ ದಿನದಲ್ಲಿ ಸುಟ್ಟು ಕಪ್ಪಾಗುತ್ತದೆ, ಅದಕ್ಕೆ ಶಾಖ ತಡೆಯುವ ಬೆಳ್ಳಿ ಬಣ್ಣವೇ ಬೇರೆ ಸಿಗುತ್ತದೆ.

ಹಚ್ಚುವ ಕೆಲಸದಲ್ಲಿ ಮುಕ್ಕಾಲು ಪಾಲು ಹಚ್ಚುವುದಕ್ಕೆ ಮೊದಲೇ ಇದೆ. ಜಿಡ್ಡು ತೆಗೆಯಬೇಕು, ಜಂಗನ್ನು ತಂತಿ ಬ್ರಷ್ಷಿನಿಂದ ಕೆರೆಯಬೇಕು, ಎಮರಿ ಕಾಗದದಿಂದ ಮೈ ಸ್ವಲ್ಪ ಒರಟು ಮಾಡಬೇಕು. ಕನ್ನಡಿಯಂಥ ಮೈಗೆ ಯಾವುದೂ ಹಿಡಿಯುವುದಿಲ್ಲ. ಆಮೇಲೆ ಬರಿಗೈಯಿಂದ ಮುಟ್ಟಬೇಡಿರಿ. ಬೆವರಿನ ಉಪ್ಪು ಅಲ್ಲೇ ಉಳಿದು ಬೆರಳಚ್ಚಿನ ಆಕಾರದಲ್ಲೇ ಜಂಗು ಬರುತ್ತದೆ, ನಾನೇ ನೋಡಿದ್ದೇನೆ. ನಮ್ಮ ಕಡೆ ಇನ್ನೊಂದು ತೊಡಕು ನೀರಿನದು. ಸಾರವಾಡದ ಕಡೆ ಡೋಣಿ ದಂಡೆಯವರ ಕೊಳವೆ ಬಾವಿಯ ನೀರು ಸವಳು. ಅದರಿಂದ ತೊಳೆದು ಹಾಗೇ ಲೇಪ ಹಚ್ಚಿದರೆ ಉಪ್ಪನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಕೊನೆಯ ಕೊಡ ಸಿಹಿನೀರಿನದಾಗಿರಲಿ. ವೇಳೆಯೂ ನೋಡಬೇಕು. ಮಧ್ಯಾಹ್ನ ಕಾದ ಪತ್ರಾದ ಮೇಲೆ ಹೊಡೆದರೆ ಥಿನ್ನರ್ ತಟ್ಟನೆ ಹಾರಿ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮಳೆಯ ತೇವದ ದಿನ ಹೊಡೆದರೆ ಹಾಲಿನಂತೆ ಬಿಳುಪೇರುತ್ತದೆ. ಮಂಜು ಆರಿದ ಮೇಲೆ, ಗಾಳಿ ಏಳುವ ಮೊದಲು, ಮುಂಜಾನೆಯ ಹೊತ್ತು ಎಲ್ಲಕ್ಕೂ ಚಲೋ. ಒಂದೇ ದಪ್ಪ ಕೈಗಿಂತ ಎರಡು ಮೂರು ತೆಳು ಕೈ ಮೇಲು.

ಲೇಪ ಹಚ್ಚಿದಿರೆಂದು ತೊಳೆಯುವುದು ಬಿಡಬೇಡಿರಿ. ಔಷಧ ಹೊಡೆದ ದಿನವೇ ಬ್ಲೋವರ್ ತೊಳೆಯಬೇಕು. ಗೊಬ್ಬರ ಹೇರಿದ ಟ್ರಾಲಿಯ ಮೂಲೆ ಗುಡಿಸಬೇಕು. ಯೂರಿಯಾ, ಪೊಟ್ಯಾಷ್ ಇವು ಗಾಳಿಯ ತೇವವನ್ನು ಎಳೆದುಕೊಳ್ಳುವಂಥವು, ಮಳೆ ಇಲ್ಲದ ದಿನವೂ ಕಬ್ಬಿಣವನ್ನು ಹಸಿಯಾಗಿಡುತ್ತವೆ.

ಹಣ ಹಾಕುವ ಮುಂಚೆ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿರಿ. ನಿಮ್ಮ ಗಾಡಿಯದೇ ಲೋಹದ ಮೂರು ತುಂಡು ಪತ್ರಾ ತೆಗೆದುಕೊಂಡು, ಹಚ್ಚಬೇಕೆಂದಿರುವ ಲೇಪವನ್ನು ಅದೇ ಕ್ರಮದಲ್ಲಿ ಹಚ್ಚಿಸಿರಿ. ಪೂರ್ತಿ ಒಣಗಲು ಒಂದು ವಾರ ಬಿಟ್ಟು, ಮೊಳೆಯಿಂದ ಪ್ರತಿಯೊಂದರ ಮೇಲೂ ಒಂದೊಂದು ಗೀರು ಎಳೆಯಿರಿ. ಒಂದರ ಮೇಲೆ ದಿನಾಲೂ ಬೋರ್ಡೋ ದ್ರಾವಣದ ನಾಲ್ಕು ಹನಿ, ಇನ್ನೊಂದರ ಮೇಲೆ ಗೊಬ್ಬರ ಕರಗಿಸಿದ ನೀರು, ಮೂರನೆಯದು ಬರಿ ಬಿಸಿಲಿಗೆ ಮಾಳಿಗೆಯ ಮೇಲೆ. ಒಂದು ತಿಂಗಳ ಮೇಲೆ ಗೀರಿನ ಅಕ್ಕಪಕ್ಕ ಉಗುರು ಹಾಕಿ ಎತ್ತಿ ನೋಡಿರಿ. ಲೇಪ ಏಳದಿದ್ದರೆ, ಗೆರೆ ಹರಿಯದಿದ್ದರೆ ಗಾಡಿ ತನ್ನಿರಿ. ಅಕ್ಟೋಬರ್ ಚಾಟ್ನಿಗೆ ಮೊದಲು ಕೆಲಸ ಮುಗಿಯಬೇಕೆಂದರೆ ಆ ತುಂಡುಗಳನ್ನು ಆಗಸ್ಟಿನಲ್ಲೇ ಹಚ್ಚಿಸಿಡಬೇಕಾಗುತ್ತದೆ.